ಹೆಂಡ್ರಿಕ್ ಬಿಡಿಸಿದ ಬಾಣ

ಮಂಗಳೂರಿನಿಂದ ಮುಂಬೈ, ಅಲ್ಲಿ ನಾಲ್ಕು ಗಂಟೆ ಕಾದು ದೋಹಾ. ಹೋಗಿಬರುವ ಟಿಕೆಟಿಗೆ ಮೂವತ್ತೆಂಟು ಸಾವಿರ ರೂಪಾಯಿ. ಹಳೆಯ ಗೆಳೆಯರನ್ನು ನೋಡಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ಆಗಸ್ಟಿನ ಸೆಕೆಯಲ್ಲಿ ಯಾರಾದರೂ ಕತಾರಿಗೆ ಹೋಗುತ್ತಾರೆಯೇ ಎಂದು ಹೆಂಡತಿ ಕೇಳಿದಳು. ಚರ್ಚಿನಲ್ಲಿ ಪಾದ್ರಿಗಳ ಮುಂದೆ ಒಪ್ಪಿಕೊಂಡದ್ದನ್ನು ಅವಳ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ವಿಮಾನ ನಿಲ್ದಾಣದ ಹೊರಗೆ ಕಾಲಿಟ್ಟದ್ದೇ ಕನ್ನಡಕ ಮಂಜಾಯಿತು. ಇಸ್ಮಾಯಿಲ್ ಕಾರು ತಂದಿದ್ದ. ಉಪ್ಪಿನಂಗಡಿಯವನು. ಇಲ್ಲಿನ ಬೋರ್ಡು ಮಾಡುವ ವರ್ಕ್‌ಶಾಪಿನಲ್ಲಿ ನಾನು ಕಂಪ್ಯೂಟರಿನ ಮುಂದೆ ದುಡಿದ ಒಂಬತ್ತು ವರ್ಷವೂ ನನ್ನ ರೂಮ್‌ಮೇಟ್. ಹೆಂಡ್ರಿಕ್ ಅವರಿಗೆ ಲಿವರ್ ಕ್ಯಾನ್ಸರ್, ಭಾನುವಾರ ತಂಗಿ ಬಂದು ಊರಿಗೆ ಕರೆದುಕೊಂಡು ಹೋಗುತ್ತಾಳೆ ಎಂದು ಫೋನು ಮಾಡಿದವನೂ ಅವನೇ.

ಹೆಂಡ್ರಿಕ್ ಡಚ್ಚರು, ಗ್ರಾಫಿಕ್ ಡಿಸೈನರ್. ತಂದೆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರಂತೆ. ಮಗ ಅಕ್ಷರ ಬಿಡಿಸಲು ಕಲಿತು, ಪುಸ್ತಕದ ರಕ್ಷಾಪುಟ, ರೈಲು ನಿಲ್ದಾಣದ ಫಲಕ ಎಂದು ಅಲ್ಲಿ ಹೆಸರು ಮಾಡಿ, ಒಂದು ವರ್ಷಕ್ಕೆಂದು ದೋಹಾಕ್ಕೆ ಬಂದು ಇಲ್ಲೇ ಉಳಿದರು. ಆಸ್ಪತ್ರೆಯೋ ಗೋದಾಮೋ, ಒಳಗೆ ಹೋದವರು ದಾರಿ ತಪ್ಪದಂತೆ ಫಲಕ ರೂಪಿಸುವುದು ಅವರ ಕೆಲಸ. ಬಾಣ ಎತ್ತ ಎಂಬುದನ್ನು ಮಾತ್ರ ಇಂಗ್ಲಿಷಿಗೊಂದು ಅರಬಿಗೊಂದು ಹಾಳೆಯಲ್ಲಿ ಪೆನ್ಸಿಲಿನಲ್ಲೇ ಬಿಡಿಸಿ ನಮ್ಮ ವರ್ಕ್‌ಶಾಪಿಗೆ ಕೊಡುತ್ತಿದ್ದರು. ಓದು ಬಾರದವನೂ ಅದನ್ನು ನಂಬಿ ನಡೆಯುತ್ತಾನೆ ಎನ್ನುತ್ತಿದ್ದರು.

ನಮ್ಮಲ್ಲಿ ಇಂಗ್ಲಿಷ್ ಹಾಳೆಯನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಅರಬಿ ಹಾಳೆ ಮಾಡುವ ರೂಢಿ. ಅರಬಿ ಬಲದಿಂದ ಎಡಕ್ಕಲ್ಲವೇ? ಅಕ್ಷರ ಬದಲಿಸಿದ ಮೇಲೆ ಬಾಣವನ್ನು ಮತ್ತೆ ಮೊದಲಿನಂತೆ ತಿರುಗಿಸಬೇಕು, ಏಕೆಂದರೆ ಬಾಗಿಲು ಮಗುಚುವುದಿಲ್ಲ. ಹಮದ್ ಬಂದರಿನ ದಾರಿಯ ಒಂದು ಗೋದಾಮಿನ ತುರ್ತು ದಾರಿ ಫಲಕದಲ್ಲಿ ನಾನು ಅದನ್ನು ಮರೆತೆ. ಗುರುವಾರ ಸಂಜೆ, ಮರುದಿನ ವಾರದ ರಜೆ, ರೂಮಿಗೆ ಹೋಗುವ ಅವಸರ. ಹೆಂಡ್ರಿಕ್ ನನ್ನನ್ನು ನಂಬಿ ಸಹಿ ಹಾಕಿದರು. ಬೆಂಕಿ ಬಿದ್ದ ದಿನ ಉಳಿದವರು ಇಂಗ್ಲಿಷ್ ಫಲಕ ನೋಡಿ ಹೊರಬಂದರು. ಸುಡಾನಿನ ಒಬ್ಬ ಸ್ಟೋರ್‌ಕೀಪರ್ ಅರಬಿ ಫಲಕ ನೋಡಿ ಓಡಿದ. ಆ ತುದಿಯಲ್ಲಿದ್ದದ್ದು ಗೋಡೆ.

ಹಾಳೆಯ ಮೂಲೆಯಲ್ಲಿ ‘ತಯಾರಿಸಿದವರು’ ಎಂಬ ಚೌಕ ಇರುತ್ತದೆ. ನನ್ನ ವೀಸಾ ಬೇರೆ ಕಂಪನಿಯದು, ಇಲ್ಲಿ ದುಡಿಯುವುದು ಕಾನೂನಿಗೆ ವಿರುದ್ಧ, ಹಾಗಾಗಿ ಅದನ್ನು ಖಾಲಿ ಬಿಡುತ್ತಿದ್ದೆವು. ಸಹಿ ಇದ್ದದ್ದು ಹೆಂಡ್ರಿಕ್ ಅವರದು ಮಾತ್ರ. ಅರಬಿ ಫಲಕಕ್ಕೆ ಅವರು ಕೊಟ್ಟ ಬಾಣವೇ ತಪ್ಪಿತ್ತು ಎಂದು ವರ್ಕ್‌ಶಾಪಿನವರು ಹೇಳಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೂ ಸುಳ್ಳೇ: ಪೆನ್ಸಿಲಿನ ಆ ಹಾಳೆಯನ್ನು ಹುಡುಕಿ ಹರಿದು ಹಾಕಿದವನು ನಾನು. ಎರಡು ತಿಂಗಳಲ್ಲಿ ನಮ್ಮೂರು ಶಿರ್ವಕ್ಕೆ ಮರಳಿದೆ. ಅದಾಗಿ ಹನ್ನೊಂದು ವರ್ಷ.

ಬಂದ ದಿನ ಮಧ್ಯಾಹ್ನ ಲುಸೈಲಿನಲ್ಲಿ ಇಸ್ಮಾಯಿಲ್‌ನ ಫ್ಲಾಟಿನಲ್ಲಿ ಊಟಕ್ಕೆ ಕುಳಿತಾಗ ಅವನಿಗೆ ಇದನ್ನೆಲ್ಲ ಹೇಳಿದೆ. ಅವನು ನನ್ನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದ.

"ಆದದ್ದು ಆಯ್ತು ಮಾರಾಯ, ಖಲಾಸ್. ಸಾಯ್ಲಿಕ್ಕೆ ಆದವರ ಹತ್ರ ಹೋಗಿ ಈಗ ಎಂತ ಹೇಳ್ತಿ?"

ಆದರೂ ಮರುದಿನ ಬೆಳಿಗ್ಗೆ ಕಾರು ತೆಗೆದವನು ಅವನೇ. ಹೆಂಡ್ರಿಕ್ ಇರುವ ಮದೀನತ್ ಖಲೀಫಾಕ್ಕೆ ಹದಿನೈದು ಕಿಲೋಮೀಟರು. ದಾರಿಯಲ್ಲಿ ಕರಕ್ ಚಹಾ ಕುಡಿದೆವು. ಹಳೆಯ ವಿಲ್ಲಾವನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಬಿಟ್ಟಿದ್ದರು. ಹೆಂಡ್ರಿಕ್ ಇದ್ದದ್ದು ಹಿಂಬದಿಯ ಕೋಣೆಯಲ್ಲಿ. ಇಷ್ಟು ವರ್ಷ ಹೋಟೆಲುಗಳ ಮೆನು ಕಾರ್ಡು ಮಾಡಿ ಬದುಕಿದ್ದರಂತೆ. ಕಣ್ಣು, ಚರ್ಮ ಎಲ್ಲ ಅರಸಿನ ಬಣ್ಣ. ನನ್ನನ್ನು ನೋಡಿ "ಸ್ಟ್ಯಾನಿ" ಎಂದು ನಕ್ಕರು. ಆ ನಗು ನನ್ನನ್ನು ಕೊಂದೇ ಹಾಕಿತು.

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ, ಹರಿದು ಹಾಕಿದ ಹಾಳೆಯ ವಿಷಯವನ್ನೂ. ಅವರು ಮಂಚದ ಕೆಳಗಿನ ಫೈಲು ತೆಗೆಯಲು ಹೇಳಿದರು. ಅದರಲ್ಲಿ ಅವರು ಸಹಿ ಹಾಕಿದ್ದ ಆ ಫಲಕದ ಅರಬಿ ಹಾಳೆ, ಮಡಚಿ ಮಡಚಿ ಬಟ್ಟೆಯಂತಾಗಿತ್ತು.

"ನನ್ನ ಬಾಣವೇ ತಪ್ಪೆಂದು ಎಲ್ಲರೂ ಹೇಳಿದರು, ಕೊನೆಗೆ ನಾನೂ ನಂಬಿದೆ. ಆಮೇಲೆ ಒಂದು ಬಾಣ ಬಿಡಿಸಲಿಕ್ಕೂ ಕೈ ಏಳಲಿಲ್ಲ. ಕೆಲಸ ಕೊಡಲು ಬಂದವರನ್ನು ನಾನೇ ವಾಪಸ್ ಕಳಿಸಿದೆ."

ಪೆನ್ಸಿಲ್ ಕೊಟ್ಟು ಖಾಲಿ ಚೌಕ ತೋರಿಸಿದರು. ನನ್ನ ಪೂರ್ತಿ ಹೆಸರು ಬರೆದೆ. ಯಾವ ತಾರೀಕು ಹಾಕಲಿ, ಅಂದಿನದೋ ಇಂದಿನದೋ ಎಂದು ಕೇಳಿದೆ. ಇಂದಿನದು ಎಂದರು. ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.

ಬಾಗಿಲು ದಾಟುವಾಗ ಕರೆದರು.

"ನಾನು ಬಿಡಿಸಿದ ಬಾಣ ಬಾಗಿಲ ಕಡೆಗೇ ಇತ್ತಲ್ಲ?"

"ಬಾಗಿಲ ಕಡೆಗೇ ಇತ್ತು, ಸರ್."

"ನೀನು ನೋಡಿದ್ದೀಯಲ್ಲ?"

ನೋಡಿದ್ದೇನೆ ಎಂದೆ. ಅದನ್ನು ನೋಡಿದವರು ಲೋಕದಲ್ಲಿ ನಾವಿಬ್ಬರೇ.

ನನ್ನ ವಿಮಾನ ಮಧ್ಯಾಹ್ನಕ್ಕಿತ್ತು. ಕಾರಿನಲ್ಲಿ ಕೂತು ತಿರುಗಿ ನೋಡಿದರೆ, ಹೆಂಡ್ರಿಕ್ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಿದ್ದರು. ಹಾಳೆ ಕೈಯಲ್ಲೇ ಇತ್ತು. ಏರಿಸಿದ ಗಾಜಿನ ಈಚೆಗೆ ಮಾತು ಕೇಳಿಸಲಿಲ್ಲ, ತುಟಿ ಮಾತ್ರ ಅದೇ ಪ್ರಶ್ನೆ ಕೇಳುತ್ತಿತ್ತು. ಹೌದೆಂದು ತಲೆಯಾಡಿಸಿದೆ. ಇಸ್ಮಾಯಿಲ್ ಕಾರು ತಿರುಗಿಸಿ ರಸ್ತೆಗೆ ತಂದ ಮೇಲೂ ಆಡಿಸುತ್ತಲೇ ಇದ್ದೆ.