ನಲ್ಲಿ ರಿಪೇರಿಯ ನರ್ಸಮ್ಮ

ಹಾಲಿವುಡ್ಡಿನ ಬೀದಿಗಳಲ್ಲಿ ಇಪ್ಪತ್ತೆರಡು ವರ್ಷ ನಲ್ಲಿ ರಿಪೇರಿ ಮಾಡಿದ ಆರ್ವಿಲ್ ಟೆಶ್‌ಗೆ ಸಿನಿಮಾ ಎಂದರೆ ಆಕಳಿಕೆ. ಜಂಬಪಡಲು ಅವನಿಗಿದ್ದದ್ದು ಒಂದು ಹುರಿಮೀಸೆ ಮಾತ್ರ.

೧೯೩೮ರ ಬೇಸಿಗೆಯಲ್ಲಿ ಒಂದು ಸ್ಟುಡಿಯೋದಿಂದ ಕರೆ ಬಂತು: ಸ್ನಾನದ ಮನೆ ಸೋರುತ್ತಿದೆ. ಅಲ್ಲಿ ಆವತ್ತು ನಗೆಚಿತ್ರವೊಂದರ ಶೂಟಿಂಗ್. ಜೈಲಿನಿಂದ ತಪ್ಪಿಸಿಕೊಂಡ ಹನ್ನೆರಡು ಮಂದಿ ಕಳ್ಳರು ನರ್ಸುಗಳ ವೇಷದಲ್ಲಿ ಆಸ್ಪತ್ರೆ ಸೇರುವ ಕಥೆ. ಆದರೆ ನಟಿಸಲು ಬಂದವರು ಹನ್ನೊಂದೇ ಜನ. ಆರ್ವಿಲ್ ಒಳಗೆ ಕಾಲಿಟ್ಟದ್ದೇ ತಡ, ಉಡುಪು ನೋಡಿಕೊಳ್ಳುವ ಡೆಲ್ಫೀನ್ ಅವನ ರಟ್ಟೆ ಹಿಡಿದೆಳೆದಳು.

"ಎಷ್ಟೊತ್ತಿಗೆ ಬರೋದು ಮಹರಾಯ? ಬಿಚ್ಚು ಪ್ಯಾಂಟು!"

"ಅಮ್ಮಾ, ನಾನು ನಲ್ಲಿ ರಿಪೇರಿಯವ್ನು!"

"ಹೊರಗೆ ಏನಾದ್ರೂ ಆಗಿರಪ್ಪ. ಇಲ್ಲಿ ನರ್ಸು."

ಮೀಸೆ ಹೋಯಿತು, ಲಂಗ ಬಂತು. ಕ್ಯಾಮೆರಾದ ಮುಂದೆ ತಳ್ಳಿದಾಗ ಅವನು ಕೈಮುಗಿದು, "ನಿಮ್ಮ ದಮ್ಮಯ್ಯ, ನಾನು ನಲ್ಲಿ ರಿಪೇರಿಯವ್ನು!" ಎಂದು ಗೋಳಾಡಿದ. ನಿರ್ದೇಶಕ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. "ಈ ಮಾತು ಇರ್ಲಿ! ಅದೇ ಅಳುಮುಖ, ಇನ್ನೊಂದ್ಸಲ!"

ಒಪ್ಪಿಕೊಂಡ ಕೆಲಸ ಬಿಡುವ ಜಾತಿ ಆರ್ವಿಲ್‌ನದಲ್ಲ. ಮರುದಿನ ಸಲಕರಣೆ ಹಿಡಿದು ಮತ್ತೆ ಹೋದ. ಸ್ನಾನದ ಮನೆ ಮುಟ್ಟುವ ಮೊದಲೇ ಡೆಲ್ಫೀನ್ ಕೈಗೆ ಸಿಕ್ಕಿಬಿದ್ದ. ಹೀಗೆ ಒಂಬತ್ತು ದಿನ. ಅಷ್ಟರಲ್ಲಿ ನೀರು ಸೆಟ್ಟಿಗೇ ನುಗ್ಗಿತು. ಕಥೆಗೆ ಒಂದು ಪ್ರವಾಹ ಸೇರಿಸಿದರು.

ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಮೀಸೆ ಮತ್ತೆ ಚಿಗುರಿತ್ತು. ಚಿತ್ರಮಂದಿರದಲ್ಲಿ ಹೆಂಡತಿ ಮರ್ಟಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆ ಕೊನೇ ನರ್ಸಮ್ಮನ್ನ ನೋಡ್ರೀ, ಥೇಟ್ ನಿಮ್ಮಕ್ಕ!"

"ಅದು ನಾನೇ ಕಣೇ."

"ಹೌದ್ಹೌದು, ನಾನು ಇಂಗ್ಲೆಂಡಿನ ರಾಣಿ. ಸುಮ್ನೆ ನೋಡ್ರೀ."

ಊರಿಗೆಲ್ಲ ನರ್ಸಮ್ಮನ ಆ ಗೋಳಿನ ಮಾತು ಬಾಯಿಪಾಠವಾಯಿತು. ಇನ್ನು ಆರ್ವಿಲ್ ಯಾರ ಬಾಗಿಲಿಗೆ ಹೋಗಿ, "ನಲ್ಲಿ ರಿಪೇರಿಯವ್ನು" ಎಂದರೂ ಮನೆಯಾಕೆ ಕಿಸಕ್ಕನೆ ನಕ್ಕು, "ಚೆನ್ನಾಗಿ ಅಣಕಿಸ್ತೀರಪ್ಪ!" ಎಂದು ಬಾಗಿಲು ಮುಚ್ಚುವಳು. ಒಳಗೆ ನಲ್ಲಿ ಸುರಿಯುತ್ತಲೇ ಇರುತ್ತಿತ್ತು.

ಕೊನೆಗೆ ಮರ್ಟಲ್ ಮುಂದೆ ನಿಂತು ಬಾಗಿಲು ತಟ್ಟತೊಡಗಿದಳು. ಅವಳು ಹೇಳಿದರೆ ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತೇನೋ; ರಿಪೇರಿಯವಳು ಅವಳೇ ಎಂದುಕೊಂಡು ಒಳಗೆ ಕರೆದೊಯ್ದು ಸೋರುವ ತೊಟ್ಟಿಯ ಕೆಳಗೆ ಕೂರಿಸಿದರು. ಹೊರಗೆ ಉಳಿದ ಆರ್ವಿಲ್ ಕಿಟಕಿಯಿಂದ, "ಎಡಕ್ಕೆ ತಿರುಗಿಸೇ, ಎಡಕ್ಕೆ!" ಎಂದು ಪಿಸುಗುಟ್ಟಿದ. ವರ್ಷದೊಳಗೆ ಅವಳಿಗೆ ಪಿಸುಮಾತೂ ಬೇಡವಾಯಿತು. ಅವಳ ಕೈ ಅವನಿಗಿಂತ ಚುರುಕು.

ಆರ್ವಿಲ್ ಮನೆಯಲ್ಲಿ ಉಳಿದು ಆಪಲ್ ಪೈ ಎಂಬ ಸೇಬಿನ ಕಡುಬು ಬೇಯಿಸಲು ಕಲಿತ. ಮೊದಮೊದಲು ಬೇಸರಪಟ್ಟ. ಆಮೇಲೆ ನೆರೆಮನೆಯ ಹೆಂಗಸರು ಬಂದು, ಕಡುಬಿನ ಹೊರಪದರ ಗರಿಗರಿಯಾಗಿರಲು ಏನು ಮಾಡಬೇಕೆಂದು ಕೇಳತೊಡಗಿದರು.

"ಬೆಣ್ಣೆ ತಣ್ಣಗಿರ್ಬೇಕು ತಾಯಿ," ಎನ್ನುತ್ತಿದ್ದ ಗಂಭೀರವಾಗಿ. ಆಗ ಯಾರೂ ನಗುತ್ತಿರಲಿಲ್ಲ.