ಸೇತುವೆ ದಾಟದ ಪೆಟ್ಟಿಗೆ

೨೦೧೯ರ ಆರಂಭದ ಮಾತು. ಆಗ ನಾನು ಸೌದಿಯ ಅಲ್ ಖಫ್ಜಿಯಲ್ಲಿ, ತೈಲಬಾವಿಗಳಿಗೆ ಕೆಲಸಗಾರರನ್ನು ಒದಗಿಸುವ ಕಂಪೆನಿಯೊಂದರ ಆಫೀಸಿನಲ್ಲಿದ್ದೆ. ಇಕಾಮಾ ಎಂಬ ವಾಸದ ಪರವಾನಗಿ, ವೀಸಾ ಎಂದು ಕಾಗದಪತ್ರ ಓಡಾಡಿಸುವುದು ನನ್ನ ಕೆಲಸ. ಯಾರಾದರೂ ತೀರಿಕೊಂಡರೆ ಅವರನ್ನು ಊರಿಗೆ ಕಳಿಸುವ ಹೊಣೆಯೂ ನನ್ನ ತಲೆಗೇ ಬರುತ್ತಿತ್ತು. ಉಳ್ಳಾಲ, ಬಂಟ್ವಾಳದ ಎಷ್ಟೋ ಮನೆಗಳಿಗೆ ಹೀಗೆ ಪೆಟ್ಟಿಗೆ ಕಳಿಸಿದ್ದೇನೆ. ನನ್ನ ನಂಬರಿನಿಂದ ಫೋನ್ ಹೋದರೆ ಗೆಳೆಯರೂ ಹೆದರಿಕೊಂಡೇ ಎತ್ತುತ್ತಿದ್ದರು.

ಆ ಚಳಿಗಾಲದಲ್ಲಿ ನಮ್ಮ ಕ್ಯಾಂಪಿನ ಇಂಜಿನಿಯರ್ ರಾಮೋನ್ ಹೃದಯಾಘಾತದಿಂದ ತೀರಿಕೊಂಡ. ದೂರದ ವೆನೆಜುವೆಲಾದವನು. ಅವನ ರೂಮಿನಲ್ಲಿ ಜೊತೆಗಿದ್ದವನು ನಮ್ಮ ಶಿರ್ವದ ವಿಲ್ಫ್ರೆಡ್. ರಾಮೋನನ ತಮ್ಮ ಲೂಯಿಸ್ ಫೋನ್ ಮಾಡಿ, ಹರಕುಮುರುಕು ಇಂಗ್ಲಿಷಿನಲ್ಲಿ, "ಅಮ್ಮನಿಗೆ ಇರುವುದು ಒಂದೇ ಆಸೆ. ಮಣ್ಣು ಮಾಡುವ ಮೊದಲು ಮಗನ ಮುಖ ನೋಡಬೇಕು" ಎಂದ.

ಅವರ ಮನೆ ಇದ್ದದ್ದು ಗಡಿಯ ಊರಿನಲ್ಲಿ. ಸ್ವಂತ ದೇಶದ ರಾಜಧಾನಿಯಲ್ಲಿ ಇಳಿಸಿದರೆ ಅಲ್ಲಿಂದ ರಸ್ತೆಯಲ್ಲಿ ಇಡೀ ದಿನದ ದಾರಿ. ಪಕ್ಕದ ಕೊಲಂಬಿಯಾದ ಕೂಕುಟಾದಲ್ಲಿ ಇಳಿಸಿದರೆ ಒಂದು ಸೇತುವೆ ದಾಟಿದರಾಯಿತು. ಕೂಕುಟಾಕ್ಕೇ ಬುಕ್ ಮಾಡುವ ಎಂದೆ.

"ಅದು ಬೇರೆ ದೇಶ ಅಲ್ವಾ ಮಾರಾಯ?" ವಿಲ್ಫ್ರೆಡ್ ಅನುಮಾನಿಸಿದ.

"ಕಾಸರಗೋಡಿನವರ ಬಾಡಿ ಮಂಗಳೂರಿನಲ್ಲಿ ಇಳಿಸುವುದಿಲ್ವಾ? ಇದೂ ಹಾಗೇ."

ಲೂಯಿಸನಿಗೂ ಅದೇ ಸರಿ ಎನಿಸಿತು. ಎರಡು ದೇಶಗಳ ಜಗಳದಲ್ಲಿ ಸೇತುವೆಯ ಮೇಲೆ ಲಾರಿಗಳ ಓಡಾಟ ನಿಂತು ಕೆಲವು ವರ್ಷಗಳಾಗಿದ್ದವು. ಆದರೆ ಜನ ನಡೆದು ದಾಟುತ್ತಿದ್ದರು. ಅಕ್ಕಿ, ಸೋಪು, ಗುಳಿಗೆ ಎಲ್ಲವನ್ನೂ ಕೊಲಂಬಿಯಾದಿಂದಲೇ ಹೊತ್ತು ತರುತ್ತಿದ್ದರಂತೆ. "ಅಣ್ಣನನ್ನೂ ಹೆಗಲ ಮೇಲೆ ದಾಟಿಸುತ್ತೇವೆ" ಎಂದ.

ಪೊಲೀಸ್, ಆಸ್ಪತ್ರೆ, ರಾಯಭಾರ ಕಚೇರಿ ಎಂದು ವಾರಗಟ್ಟಲೆ ಅಲೆದೆ. ಕೊನೆಗೆ ಶವಾಗಾರದಲ್ಲಿ ಪೆಟ್ಟಿಗೆ ಮುಚ್ಚಿ ಸೀಲ್ ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ದಮ್ಮಾಮಿನಿಂದ ವಿಮಾನ ಹೊರಟಾಗ ಒಂದು ಕೆಲಸ ಮುಗಿಯಿತು ಎಂದುಕೊಂಡೆ.

ಪೆಟ್ಟಿಗೆ ಕೂಕುಟಾ ತಲುಪುವಷ್ಟರಲ್ಲಿ ವೆನೆಜುವೆಲಾ ಸರಕಾರ ಕೊಲಂಬಿಯಾದ ಜೊತೆಗಿನ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಸೇತುವೆಗಳನ್ನು ಮುಚ್ಚಿದರು. ಅಣ್ಣನನ್ನು ಎದುರುಗೊಳ್ಳಲು ಹಿಂದಿನ ದಿನವೇ ದಾಟಿದ್ದ ಲೂಯಿಸ್ ಕೊಲಂಬಿಯಾದಲ್ಲಿ ಸಿಕ್ಕಿಬಿದ್ದ. ಅಮ್ಮ ಇನ್ನೊಂದು ದಡದಲ್ಲಿ.

ನಾನು ಕಳಿಸಿದ್ದ ಕಾಗದಗಳನ್ನು ಹಿಡಿದು ಅವನು ಸೈನಿಕರ ಮುಂದೆ ಗೋಗರೆದ. ನದಿಯ ಕಳ್ಳದಾರಿಗಳಲ್ಲಿ ಬಂದೂಕು ಹಿಡಿದವರಿದ್ದರು. ನೆರೆಮನೆಯವರು ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಸೇತುವೆಯ ತುದಿಯವರೆಗೆ ಹೊತ್ತು ತಂದರಂತೆ. ಅಡ್ಡ ನಿಲ್ಲಿಸಿದ್ದ ಕಂಟೇನರುಗಳ ಆಚೆ ಏನೂ ಕಾಣಲಿಲ್ಲವಂತೆ. ಇದನ್ನೆಲ್ಲ ಫೋನಿನಲ್ಲಿ ಕೇಳುತ್ತಾ ನನಗೆ ಅನ್ನ ಸೇರುತ್ತಿರಲಿಲ್ಲ. "ಇನ್ನೊಂದು ದಾರಿ ಎಂತ ಇತ್ತು? ನೀನು ತಲೆ ಕೆಡಿಸ್ಬೇಡ" ಎಂದು ವಿಲ್ಫ್ರೆಡ್ ಸಮಾಧಾನ ಮಾಡಿದ. ಸಮಾಧಾನವಾಗಲಿಲ್ಲ.

ಕೆಲವು ದಿನ ಕಾದು, ಕೂಕುಟಾದಲ್ಲೇ ಮಣ್ಣು ಮಾಡುವುದೆಂದಾಯಿತು. ಸೀಲ್ ಒಡೆಯಲು ಅನುಮತಿ ಸಿಗಲಿಲ್ಲ. ಅಂದು ಲೂಯಿಸ್ ಫೋನ್ ಮಾಡಿದ. ಊರಿನಿಂದ ಅವನ ಅಮ್ಮನೂ ಲೈನಿನಲ್ಲಿದ್ದರು.

"ಅಣ್ಣನನ್ನು ಕೊನೆಗೆ ನೋಡಿದವನು ನೀನು. ಮುಖ ಹೇಗಿತ್ತು ಎಂದು ಅಮ್ಮ ಕೇಳುತ್ತಿದ್ದಾಳೆ."

ನಿದ್ದೆ ಮಾಡಿದ ಹಾಗಿತ್ತು, ರೂಮಿನಲ್ಲಿ ಜೊತೆಗಿದ್ದ ವಿಲ್ಫ್ರೆಡ್ ಅವನ ತಲೆ ಬಾಚಿದ್ದ ಎಂದೆ. ಲೂಯಿಸ್ ಅದನ್ನು ಅವರ ಭಾಷೆಯಲ್ಲಿ ಹೇಳಿದ. ಆಕೆ ಮತ್ತೇನೋ ಕೇಳಿದರು.

"ಕಣ್ಣು ಪೂರ್ತಿ ಮುಚ್ಚಿತ್ತಾ ಅಂತೆ."

ಮುಚ್ಚಿರಲಿಲ್ಲ. ಎಡಗಣ್ಣು ಸ್ವಲ್ಪ ತೆರೆದಿತ್ತು. ಯಾರಿಗೋ ಕಾಯುತ್ತಾ ಸತ್ತವರ ಕಣ್ಣು ಹಾಗಿರುತ್ತದೆ ಎಂದು ನಮ್ಮ ಊರಲ್ಲೂ ಹೇಳುತ್ತಾರೆ.

"ಪೂರ್ತಿ ಮುಚ್ಚಿತ್ತು" ಎಂದೆ.

ಲೂಯಿಸ್ ಅದನ್ನೂ ಅಮ್ಮನಿಗೆ ಹೇಳಿದ. ಆಮೇಲೆ ಆಕೆ ಅಳುತ್ತಾ ಏನೋ ಹೇಳಿದರು. ಲೂಯಿಸ್ ಅದನ್ನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಎರಡು ದೇಶಗಳ ಜಗಳದ ತಲೆಬುಡ ನನಗೆ ಇಂದಿಗೂ ಗೊತ್ತಿಲ್ಲ. ನೆನೆದರೆ ಸಿಟ್ಟು ಮಾತ್ರ ಬರುತ್ತದೆ. ಪೆಟ್ಟಿಗೆ ಕಳಿಸುವ ಕೆಲಸ ನಾನು ಬಿಟ್ಟಿಲ್ಲ. ಈಗ ಮುಚ್ಚಳ ಹಾಕುವ ಮೊದಲು ಪ್ರತಿಯೊಬ್ಬರ ಮುಖವನ್ನೂ ಹತ್ತಿರದಿಂದ, ನಿಧಾನವಾಗಿ ನೋಡಿಕೊಳ್ಳುತ್ತೇನೆ. ಯಾವ ತಾಯಿ ನನ್ನನ್ನೇ ಕೇಳುವಂತಾಗುತ್ತದೋ ಹೇಳಲಾಗದು.