ಭಾವನ ಲೋಟದ ಕಾವಲು

ಕಾರು ಕೆಡಬಹುದಿತ್ತು. ಹಸಿ ಮೀನು ತಿಂದು ನನ್ನ ಹೊಟ್ಟೆಯೂ ಕೆಡಬಹುದಿತ್ತು. ನಾವು ಹೊರಟಿದ್ದ ಜಪಾನಿ ಹೋಟೆಲಿನಲ್ಲಿ ಬೂಟು ಬಿಚ್ಚಿ ನೆಲಕ್ಕೆ ಕೂರಬೇಕಂತೆ. ಸಾಕ್ಸಿನ ತೂತಿನಿಂದ ಹೆಬ್ಬೆರಳು ಇಣುಕಬಹುದಿತ್ತು. ಅವರು ಊಟಕ್ಕೆ ಬಳಸುವ ಜೋಡಿ ಕಡ್ಡಿಗಳನ್ನು ಹಿಡಿಯಲು ಬಾರದೆ ಕೋಳಿಯ ತುಂಡು ಊಟಕ್ಕೆ ಕರೆದಿದ್ದ ಮ್ಯಾನೇಜರ ಮಡಿಲಿಗೆ ಹಾರಬಹುದಿತ್ತು. ಕನಕಪುರದಿಂದ ಹಾರೋಹಳ್ಳಿ ತಲುಪುವಷ್ಟರಲ್ಲಿ ನಾನು ಕೂಡಿಹಾಕಿಕೊಂಡ ಚಿಲ್ಲರೆ ಚಿಂತೆಗಳಿವು. ದೊಡ್ಡದು ಒಂದೇ. ಪಕ್ಕದ ಸೀಟಿನಲ್ಲಿದ್ದ ಭಾವ ಕುಡಿದುಬಿಡಬಹುದಿತ್ತು.

ಅಕ್ಕನ ಗಂಡ ಕುಡಿತ ಬಿಟ್ಟು ವರ್ಷ ದಾಟಿತ್ತು. ಬಿಟ್ಟಿದ್ದಲ್ಲ, ಬಿಡಿಸಿದ್ದು. ಲಿವರ್ ಕೆಟ್ಟು, ಕಣ್ಣು ಹಳದಿಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಡಾಕ್ಟರು, ಇನ್ನೊಂದು ಗುಟುಕು ಒಳಗೆ ಹೋದರೆ ಮತ್ತೆ ಇಲ್ಲಿಗೆ ಕರೆತರುವ ಶ್ರಮ ತೆಗೆದುಕೊಳ್ಳಬೇಡಿ ಎಂದಿದ್ದರು. ಆ ದಿನಗಳಲ್ಲಿ ಭಾವನ ಕೆಲಸ ಉಳಿಸಿದವರು ಕಾರ್ಖಾನೆಯ ಜಪಾನಿ ಮ್ಯಾನೇಜರು. ಈಗ ಅವರು ತಮ್ಮ ದೇಶಕ್ಕೆ ಮರಳುತ್ತಿದ್ದರು. ಊಟಕ್ಕೆ ಕರೆದರೆ ಒಲ್ಲೆ ಎನ್ನುವುದು ಹೇಗೆ? ಅಕ್ಕ ನನ್ನನ್ನು ಜೊತೆಗೆ ಅಟ್ಟಿದಳು.

"ಅವ್ರ ಲೋಟದ ಮ್ಯಾಲೆ ಕಣ್ಣಿಟ್ಟಿರು ಕಣಪ್ಪ. ನೀನೆಂಗೂ ಸುಮ್‌ಸುಮ್ನೆ ಹೆದರ್ಕಂಡೇ ಇರ್ತೀಯ, ಇವತ್ತೊಂದಿನ ಅದು ಕೆಲ್ಸಕ್ಕೆ ಬರ್ಲಿ."

ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಜಾಗಕ್ಕೆ ಇಜಕಾಯ ಎನ್ನುತ್ತಾರೆ. ಕೈಗಾರಿಕಾ ಪ್ರದೇಶದ ಜಪಾನಿಗಳು ಕೆಲಸ ಮುಗಿಸಿ ಬಂದು ಒಂದಿಷ್ಟು ಕುಡಿದು, ಒಂದಿಷ್ಟು ಮೆಲ್ಲುವ ಜಾಗ. ಬಾಗಿಲಲ್ಲಿ ಕೆಂಪು ಕಾಗದದ ಲಾಟೀನು. ಒಳಗೆ ಕೆಂಡದ ಮೇಲೆ ಕೋಳಿ ಸುಡುವ ಹೊಗೆ. ಮಂಕು ಬಲ್ಬಿನ ಕೆಳಗೆ ಭಾವನ ಕಣ್ಣು ಮತ್ತೆ ಹಳದಿಯಾಗಿ ಕಂಡಿತು.

ಉಪ್ಪು ಹಾಕಿ ಬೇಯಿಸಿದ ಸೋಯಾ ಕಾಯಿ ಬಂತು. ಭಾವ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡು, "ಇದು ನಮ್ಮ ಅವರೆಕಾಯಿಗೆ ಷಡ್ಡಕ ಆಗ್ಬೇಕು ಕಣ್ಲಾ" ಎಂದರು. ನನಗೆ ನಗು ಬರಲಿಲ್ಲ. ಮ್ಯಾನೇಜರು ಬಾಟಲಿ ಎತ್ತಿದ್ದರು.

ಜಪಾನಿಗಳಲ್ಲಿ ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳುವಂತಿಲ್ಲ. ಪಕ್ಕದವರ ಲೋಟ ಬರಿದಾಗಲು ಬಿಡುವಂತೆಯೂ ಇಲ್ಲ. ಭಾವ ಮದುವೆ ಊಟದಲ್ಲಿ ಎಲೆಗೆ ಹಿಡಿದಂತೆ ಲೋಟಕ್ಕೆ ಎರಡೂ ಕೈ ಅಡ್ಡ ಹಿಡಿದರು. ನಮ್ಮ ಕಡೆ ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಇನ್ನೊಂದು ಸೌಟು ಬಿತ್ತೆಂದು ಅರ್ಥ. ಆದರೆ ಮ್ಯಾನೇಜರಿಗೆ ಎಲ್ಲ ಗೊತ್ತಿತ್ತು. ಬಾರ್ಲಿ ಟೀ ತರಿಸಿ, ಅದನ್ನೇ ಮರ್ಯಾದೆಯಿಂದ ಎರಡು ಕೈಯಲ್ಲಿ ಸುರಿದು "ಸಾಕಾ?" ಎಂದರು.

ನನ್ನ ಪುಟ್ಟ ಲೋಟಕ್ಕೆ ಮಾತ್ರ, ನಾನು ಬಾಯಿ ತೆರೆಯುವ ಮೊದಲೇ, ಅಕ್ಕಿಯ ಮದ್ಯ ಬಿತ್ತು. ಕಾರು ಓಡಿಸಬೇಕಾದವನು ನಾನು, ಮುಟ್ಟಲಿಲ್ಲ. ತುಂಬಿದ ಲೋಟಕ್ಕೆ ಯಾರೂ ಮತ್ತೆ ಸುರಿಯುವುದಿಲ್ಲವಲ್ಲ, ಹಾಗೇ ಇರಲಿ ಎಂದು ಜಾಣನಂತೆ ಎಡಕ್ಕೆ ಸರಿಸಿಟ್ಟೆ. ಎಡಕ್ಕೆ ಕೂತಿದ್ದವರು ಭಾವ.

ಆಮೇಲೆ ನನ್ನ ಕಣ್ಣು ಭಾವನ ಟೀ ಬಿಟ್ಟು ಕದಲಲಿಲ್ಲ. ಅದು ಮುಗಿಯಿತು, ತುಂಬಿತು, ಮತ್ತೆ ಮುಗಿಯಿತು. ಭಾವನ ಮಾತು ಕಡಿಮೆಯಾಗುತ್ತ ಬಂತು. ನಡುವೆ ಕರೆಂಟು ಹೋಗಿ ಬಂತು. ಬಂದ ಕೂಡಲೇ ಬಾಗಿ ಟೀ ಮೂಸಿದೆ.

"ಏನ್ಲಾ, ನಾಯಿ ಮೂಸ್ದಂಗೆ ಮೂಸ್ತೀಯ? ನಿಮ್ಮಕ್ಕ ನಿನ್ ಕತ್ಗೊಂದು ಬೆಲ್ಟ್ ಕಟ್ಟೋದ ಮರ್ತ್‌ಬುಟ್ಟವ್ಳೆ."

ಟೀ ಟೀಯೇ ಆಗಿತ್ತು.

ಕೊನೆಗೆ ಎದ್ದೆವು. ಮ್ಯಾನೇಜರು ಸೊಂಟ ಬಾಗಿಸಿದರು, ಭಾವ ಕೈಮುಗಿದರು, ಇಬ್ಬರ ಕಣ್ಣೂ ಒದ್ದೆ. ಹೊಟ್ಟೆ ನೆಟ್ಟಗಿತ್ತು, ಸಾಕ್ಸು ಮಾನ ಉಳಿಸಿತ್ತು, ಕೋಳಿ ಹಾರಿರಲಿಲ್ಲ. ಅಕ್ಕನಿಗೆ "ಎಲ್ಲ ಸರಿಯಾಯ್ತು" ಎಂದು ಮೆಸೇಜು ಕಳಿಸಿ, ಮೊಬೈಲು ಜೇಬಿಗಿಳಿಸುತ್ತ ಮೇಜಿನ ಕಡೆ ನೋಡಿದೆ. ನನ್ನ ಲೋಟ ಖಾಲಿಯಿತ್ತು.

"ಭಾವ..."

ಭಾವ ಬಾಗಿಲ ಬಳಿ ಬೂಟಿನ ಲೇಸು ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಬಡ್ಸಿದ್ದ ಅಂಗೇ ಬುಟ್ಟು ಎದ್ರೆ ಆವಪ್ಪ ಏನಂದ್ಕತಾನ್ಲಾ? ಒಸಿನೇ ಇತ್ತು."

ಹೌದು, ಒಸಿನೇ. ನನ್ನ ಹೆಬ್ಬೆರಳಷ್ಟು ಎತ್ತರದ ಲೋಟ.